ನನ್ನ ಪೀರಿಯಡ್ಡಿಗೆ ಬಂದ ಸ್ಪ್ಯಾನರ್

ಸವತಿ ಮನೆಗೆ ಬಂದರೆ ಹೇಗಿರುತ್ತದೆ ಎಂಬುದನ್ನು ನಾನು ಕಾದಂಬರಿಗಳಲ್ಲಿ ಓದಿದ್ದೆನೇ ಹೊರತು ಅನುಭವಿಸಿರಲಿಲ್ಲ. ಆ ಅನುಭವವೂ ಆಯಿತು; ಅದೂ ಐವತ್ತು ದಾಟಿದ ಮೇಲೆ, ಮನೆಯಲ್ಲಲ್ಲ, ಶಾಲೆಯಲ್ಲಿ. 2022ರಲ್ಲಿ ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ವಾರ ನಮ್ಮ ಹೆಡ್‌ಮಾಸ್ಟರು ಕರೆದು, "ಮೇಡಂ, ಈ ವರ್ಷದಿಂದ ಒಂಬತ್ತನೇ ಕ್ಲಾಸಿಗೆ ವೃತ್ತಿ ಶಿಕ್ಷಣ ಬಂದಿದೆ. ಆಟೋಮೊಬೈಲು ಒಂದು, ಬ್ಯೂಟಿ ಅಂಡ್ ವೆಲ್‌ನೆಸ್ಸು ಒಂದು. ತಗೊಳ್ಳೋ ಮಕ್ಕಳು ಮೂರನೇ ಭಾಷೆ ಬಿಡಬಹುದು," ಎಂದರು. ಮೂರನೇ ಭಾಷೆ ಎಂದರೆ ನಮ್ಮ ಶಾಲೆಯಲ್ಲಿ ಹಿಂದಿ. ಹಿಂದಿ ಎಂದರೆ ನಾನು.

ನಾನು ಮಾಲೂರಿನ ಸೊಸೆ. ಇಪ್ಪತ್ತು ಚಿಲ್ಲರೆ ವರ್ಷಗಳಿಂದ ಈ ತಾಲ್ಲೂಕಿನ ಮಕ್ಕಳಿಗೆ ಹಿಂದಿಯ ಸ್ತ್ರೀಲಿಂಗ ಪುಲ್ಲಿಂಗ ತಲೆಗೆ ತುಂಬುತ್ತಾ ಬಂದಿದ್ದೇನೆ. ಪಾಪ, ಅವರ ಕಷ್ಟ ನನಗೆ ಗೊತ್ತಿಲ್ಲದೆ ಇಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು; ಬೀದಿಗೆ ಬಂದರೆ ಕನ್ನಡ; ಪುಸ್ತಕ ಬಿಚ್ಚಿದರೆ ಇಂಗ್ಲಿಷು; ಇವೆಲ್ಲದರ ಮೇಲೆ ನನ್ನ ಹಿಂದಿ. ಕುರ್ಚಿ ಹೆಣ್ಣು, ದರವಾಜಾ ಗಂಡು ಎಂದು ಹೇಳಿಕೊಟ್ಟಾಗ, "ಮರಕ್ಕೆ ಎಲ್ಲಿದೆ ಮೇಡಂ ಗಂಡು ಹೆಣ್ಣು?" ಎಂದು ಕೇಳಿದ ಹುಡುಗನಿಗೆ ನಾನು ಇವತ್ತಿಗೂ ಸರಿಯಾದ ಉತ್ತರ ಕೊಟ್ಟಿಲ್ಲ. ಆದರೂ ಪೀರಿಯಡ್ಡು ನನ್ನದು ಎಂಬ ಅಭಿಮಾನ ಬೇರೆ.

ಹೆಸರು ಬರೆಸುವ ದಿನ ಬಂತು. ಐವತ್ತೆರಡು ಮಕ್ಕಳಲ್ಲಿ ನಲವತ್ತೊಂದು ಮಕ್ಕಳು ಎದ್ದು ಹೋದರು. ಉಳಿದ ಹನ್ನೊಂದರಲ್ಲಿ ಮೂವರು ಆ ದಿನ ಬಂದಿರಲೇ ಇಲ್ಲ. ಖಾಲಿ ಬೆಂಚುಗಳಿಗೆ ಪಾಠ ಮಾಡುವ ಸುಖವನ್ನು ನಾನು ಅಂದು ಕಂಡುಕೊಂಡೆ. ಸ್ಟಾಫ್‌ರೂಮಿನಲ್ಲಿ ಗಣಿತದ ಮೇಷ್ಟ್ರು, "ಹಿಂದಿ ಮೇಡಂ ಇನ್ನು ಮೇಲೆ ಪಂಕ್ಚರ್ ಹಾಕೋದು ಕಲೀಬೇಕಾಗುತ್ತೆ," ಎಂದು ನಗಾಡಿದರು. ನಾನೂ ನಕ್ಕೆ. ಮನೆಗೆ ಬಂದು ಒಗ್ಗರಣೆಗೆ ಸಾಸಿವೆ ಹಾಕುವಾಗ ಕಣ್ಣಲ್ಲಿ ನೀರು ಬಂತು. ಈರುಳ್ಳಿ ಎಂದುಕೊಂಡೆ.

ಕೈಕೆಲಸದ ಪಾಠವೇನು ನಮಗೆ ಹೊಸದಲ್ಲ. ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದ 1980ರ ದಶಕದಲ್ಲಿ ನಮಗೂ ಹೊಲಿಗೆ ಪೀರಿಯಡ್ಡು ಇತ್ತು. ನಿಮ್ಮಲ್ಲಿ ನನ್ನ ವಯಸ್ಸಿನವರಿಗೆ ನೆನಪಿರಬಹುದು: ಒಂದು ಗೇಣು ಬಿಳಿ ಬಟ್ಟೆ, ಅದರ ಮೇಲೆ ಕೆಂಪು ದಾರದಲ್ಲಿ ಟ್ಯಾಕಿಂಗು, ಹೆಮ್ಮಿಂಗು, ಕಾಜ, ಗುಂಡಿ. ವರ್ಷದ ಕೊನೆಗೆ ಆ ತುಂಡುಗಳನ್ನೆಲ್ಲ ಆಲ್ಬಮ್ಮಿನಲ್ಲಿ ಅಂಟಿಸಿ ಮಾರ್ಕು ಹಾಕಿಸಿಕೊಳ್ಳುವುದು. ಅರ್ಧಕ್ಕರ್ಧ ಹುಡುಗಿಯರ ಆಲ್ಬಮ್ಮನ್ನು ಅವರ ಅಮ್ಮನೋ ಅತ್ತಿಗೆಯೋ ಹೊಲಿದುಕೊಡುತ್ತಿದ್ದರು. ಹುಡುಗರು ಆ ಹೊತ್ತಿನಲ್ಲಿ ಶಾಲೆಯ ಹಿಂದೆ ಗಿಡಗಳಿಗೆ ಪಾತಿ ಮಾಡುತ್ತಿದ್ದರು, ಅಂದರೆ ಆಟವಾಡುತ್ತಿದ್ದರು. ಅದಕ್ಕೆ ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂದು ದೊಡ್ಡ ಹೆಸರು, ಎಸ್.ಯು.ಪಿ.ಡಬ್ಲ್ಯು. ಎಂದು ಇಂಗ್ಲಿಷಿನ ನಾಲ್ಕು ಅಕ್ಷರ. ಆ ನಾಲ್ಕಕ್ಷರವನ್ನು ಉಪಯೋಗದ ಒಂದು ಪೀರಿಯಡ್ಡು ವ್ಯರ್ಥವಾಯಿತು ಎಂದು ಬಿಡಿಸುವ ಹಾಸ್ಯ ದೇಶಕ್ಕೆಲ್ಲ ಗೊತ್ತಿತ್ತು.

ನಮ್ಮ ಹೊಲಿಗೆ ಟೀಚರ್ ತುಂಬ ಅಚ್ಚುಕಟ್ಟು. ಅವರ ಸೀರೆಯ ನೆರಿಗೆ ಸಂಜೆಯವರೆಗೂ ಕದಲುತ್ತಿರಲಿಲ್ಲ. ಸ್ಟಾಫ್‌ರೂಮಿನಲ್ಲಿ ಮಾತ್ರ ಅವರ ಕುರ್ಚಿ ಬಾಗಿಲ ಹತ್ತಿರ, ಎಲ್ಲರಿಗಿಂತ ಕೊನೆಗೆ. ಯಾವ ಮೇಷ್ಟ್ರು ರಜೆ ಹಾಕಿದರೂ ಆ ತರಗತಿಗೆ ಅವರನ್ನು ಅಟ್ಟುವುದು. ಪರೀಕ್ಷೆ ಹತ್ತಿರ ಬಂದರೆ ಮೊದಲು ಮಾಯವಾಗುತ್ತಿದ್ದದ್ದು ಅವರ ಪೀರಿಯಡ್ಡು. ಅವರಿಗೆ ಅದರಿಂದ ಏನನ್ನಿಸುತ್ತಿತ್ತೆಂದು ಆಗ ನಾನು ಯೋಚಿಸಿದವಳೇ ಅಲ್ಲ. ಹನ್ನೊಂದು ಮಕ್ಕಳ ಮುಂದೆ ನಿಂತಾಗ ಯೋಚಿಸಿದೆ.

ಬಿ.ಎಡ್. ಓದುವಾಗ ಇದೆಲ್ಲದರ ಇತಿಹಾಸವನ್ನು ಹತ್ತು ಮಾರ್ಕಿನ ಪ್ರಶ್ನೆಗೆಂದು ಬಾಯಿಪಾಠ ಮಾಡಿದ್ದೆವು. 1937ರ ಅಕ್ಟೋಬರಿನಲ್ಲಿ ಗಾಂಧೀಜಿ ವಾರ್ಧಾದಲ್ಲಿ ಸಮ್ಮೇಳನ ಸೇರಿಸಿದರು. ಝಾಕಿರ್ ಹುಸೇನರ ಸಮಿತಿ ಮೂಲ ಶಿಕ್ಷಣದ ಯೋಜನೆ ಮಾಡಿತು. ಒಂದು ಕಸುಬನ್ನು ನಡುವೆ ಇಟ್ಟುಕೊಂಡು ಅದರ ಸುತ್ತ ಲೆಕ್ಕ, ಭಾಷೆ, ವಿಜ್ಞಾನ ಕಲಿಸಬೇಕೆಂಬುದು ಅದರ ತಿರುಳು. ನೂಲು ತೆಗೆಯುವ ಮಗು ಎಳೆ ಎಣಿಸುತ್ತ ಗಣಿತ ಕಲಿಯುತ್ತದೆ. ಆಮೇಲೆ 1964ರಿಂದ 66ರವರೆಗೆ ಕೊಠಾರಿ ಆಯೋಗ ಕಾರ್ಯಾನುಭವ ಎಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಆ ನಾಲ್ಕಕ್ಷರವನ್ನು ತಂದಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ, ಹತ್ತನೇ ಕ್ಲಾಸಿನ ನಂತರ ಓದುವವರಲ್ಲಿ 1990ರ ಹೊತ್ತಿಗೆ ನೂರಕ್ಕೆ 10 ಮಂದಿ, 1995ರ ಹೊತ್ತಿಗೆ 25 ಮಂದಿ ವೃತ್ತಿ ಶಿಕ್ಷಣಕ್ಕೆ ಬರಬೇಕೆಂದು ಗುರಿ ಹಾಕಿತು. 1992ರಲ್ಲಿ ಅದೇ ಗುರಿಯನ್ನು 1995 ಮತ್ತು 2000ಕ್ಕೆ ತಳ್ಳಿದರು. 2020ರ ನೀತಿ, 2025ರೊಳಗೆ ಶಾಲೆ ಕಾಲೇಜುಗಳ ಅರ್ಧದಷ್ಟು ಮಕ್ಕಳಿಗಾದರೂ ವೃತ್ತಿ ಶಿಕ್ಷಣದ ಪರಿಚಯ ಆಗಬೇಕೆಂದಿತು. ಆ 2025ನ್ನೂ ನಾವು ನೋಡಿಯಾಯಿತು. ನಮ್ಮ ಮನೆಯಲ್ಲಿ ಸುಣ್ಣ ಹೊಡೆಸುವ ವಿಷಯವೂ ಹೀಗೆಯೇ. ಯುಗಾದಿಯಿಂದ ದಸರೆಗೆ, ದಸರೆಯಿಂದ ಸಂಕ್ರಾಂತಿಗೆ ಹೋಗುತ್ತಿರುತ್ತದೆ.

ಅದೇ 2020ರ ನೀತಿಯ ಪುಸ್ತಕದಲ್ಲಿ ಒಂದು ಲೆಕ್ಕ ಕೊಟ್ಟಿದ್ದಾರೆ. ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಅಂದಾಜಿನಂತೆ ನಮ್ಮ ದೇಶದ 19ರಿಂದ 24 ವಯಸ್ಸಿನ ದುಡಿಯುವ ಜನರಲ್ಲಿ ಕ್ರಮವಾಗಿ ವೃತ್ತಿ ಶಿಕ್ಷಣ ಪಡೆದವರು ನೂರಕ್ಕೆ 5ಕ್ಕಿಂತ ಕಡಿಮೆ. ಅಮೆರಿಕದಲ್ಲಿ 52, ಜರ್ಮನಿಯಲ್ಲಿ 75, ದಕ್ಷಿಣ ಕೊರಿಯಾದಲ್ಲಿ 96. ಇದನ್ನು ಓದಿದಾಗ ನನಗೆ ನಮ್ಮ ತಾಲ್ಲೂಕಿನ ಶಿವಾರಪಟ್ಟಣ ನೆನಪಾಯಿತು. ಅಲ್ಲಿ ತಂದೆಯ ಪಕ್ಕ ಕೂತು ಉಳಿ ಹಿಡಿದ ಹುಡುಗ ದೇವರ ಮೂರ್ತಿಗೆ ಕಣ್ಣು ಬಿಡಿಸುತ್ತಾನೆ. ಅವನ ಹತ್ತಿರ ಸರ್ಟಿಫಿಕೇಟು ಕೇಳಿದರೆ ಏನು ತೋರಿಸಿಯಾನು? ಅಂಥವರು ಈ ಐದರ ಒಳಗೆ ಬರುವುದೇ ಇಲ್ಲ. ಕೆಲಸ ಗೊತ್ತಿರುವವರ ಕೈಯಲ್ಲಿ ಕಾಗದವಿಲ್ಲ. ಕಾಗದ ಇರುವ ನಮ್ಮಂಥವರಿಗೆ ನಲ್ಲಿಯ ವಾಷರ್ ಬದಲಾಯಿಸಲು ಬರುವುದಿಲ್ಲ.

ಕಾಗದದ ಮಾತು ಬಂದಾಗ ನನ್ನ ಅಕ್ಕನ ಕಥೆ ಹೇಳಬೇಕು. 1970ರ ದಶಕದ ಕೊನೆಯಿಂದ ನಮ್ಮ ರಾಜ್ಯದ ಜೂನಿಯರ್ ಕಾಲೇಜುಗಳಲ್ಲಿ ಜೆ.ಓ.ಸಿ. ಎಂಬ ಉದ್ಯೋಗಾಧಾರಿತ ಕೋರ್ಸುಗಳಿದ್ದವು. ರೇಷ್ಮೆ, ಹೈನುಗಾರಿಕೆ, ವಿದ್ಯುತ್ ವೈರಿಂಗು, ಗಡಿಯಾರ ರಿಪೇರಿ ಹೀಗೆ ಬಗೆಬಗೆಯವು. ಎಸ್.ಎಸ್.ಎಲ್.ಸಿ.ಯಲ್ಲಿ ಅಕ್ಕನಿಗೆ ಮಾರ್ಕು ಕಡಿಮೆ ಬಂತು. ಅಪ್ಪ ಅವಳನ್ನು ರೇಷ್ಮೆಯ ಕೋರ್ಸಿಗೆ ಹಾಕಿದರು. ನನಗೆ ಮಾರ್ಕು ಬಂತು; ಕಲಾ ವಿಭಾಗಕ್ಕೆ ಹಾಕಿದರು. ನೆಂಟರು ಬಂದಾಗ ಅಮ್ಮ, "ಚಿಕ್ಕವಳು ಕಾಲೇಜು ಓದ್ತಾಳೆ," ಎಂದು ಎತ್ತರದ ದನಿಯಲ್ಲಿ ಹೇಳಿ, "ದೊಡ್ಡವಳು... ಅದೇನೋ ಹುಳದ್ದು ಓದ್ತಾಳೆ," ಎಂದು ದನಿ ಇಳಿಸುತ್ತಿದ್ದರು. ಅವಳನ್ನು ನೋಡಲು ಬಂದ ಗಂಡಿನ ಕಡೆಯವರಲ್ಲಿ ಇಬ್ಬರು, "ಪಿಯುಸಿ ಅಲ್ವಂತೆ," ಎಂದು ಎದ್ದು ಹೋದರು. ಕೊನೆಗೆ ಕೋಲಾರದ ಹತ್ತಿರದ ಹಳ್ಳಿಯಲ್ಲಿ ಹಿಪ್ಪುನೇರಳೆ ತೋಟ ಇದ್ದವರ ಮನೆಗೆ ಕೊಟ್ಟರು.

ಅಲ್ಲಿ ಅವಳು ಓದಿದ್ದು ಒಂದೊಂದಾಗಿ ಕೆಲಸಕ್ಕೆ ಬಂತು. ಹುಳುಮನೆಯ ಶಾಖ ಎಷ್ಟಿರಬೇಕು, ತೇವ ಎಷ್ಟಿರಬೇಕು, ಜ್ವರದಿಂದ ಎದ್ದ ಹುಳಕ್ಕೆ ಎಂಥ ಎಲೆ ಹಾಕಬೇಕು, ರೋಗ ಬಂದ ತಟ್ಟೆಯನ್ನು ಹೇಗೆ ಬೇರೆ ಮಾಡಬೇಕು, ಇವೆಲ್ಲ ಅವಳಿಗೆ ಪುಸ್ತಕದಿಂದಲೇ ಗೊತ್ತಿತ್ತು. ರೇಷ್ಮೆಯ ಜ್ವರ ಎಂದರೆ ಕಾಯಿಲೆಯಲ್ಲ, ಹುಳ ಪೊರೆ ಬಿಡುವ ನಿದ್ದೆ ಎಂದು ನನಗೆ ಹೇಳಿಕೊಟ್ಟವಳು ಅವಳೇ. ಅತ್ತೆ ಮೊದಲು ಹಾಸ್ಯ ಮಾಡಿದರು. ಎರಡು ಬೆಳೆ ಚೆನ್ನಾಗಿ ಬಂದ ಮೇಲೆ ಹುಳುಮನೆಯ ಬೀಗದ ಕೈಯನ್ನೇ ಅವಳ ಸೊಂಟಕ್ಕೆ ಸಿಕ್ಕಿಸಿದರು. ಗೂಡಿನ ರೇಟು ಬಿದ್ದು ಅವಳು ಅತ್ತ ವರ್ಷಗಳೂ ಉಂಟು. ಆದರೂ ತಾರಸಿ ಮನೆ ಅವಳು ನನಗಿಂತ ಆರು ವರ್ಷ ಮೊದಲು ಕಟ್ಟಿದಳು. ಗೃಹಪ್ರವೇಶದ ದಿನ ಅಮ್ಮ ದನಿ ಇಳಿಸಲಿಲ್ಲ. ಆ ಜೆ.ಓ.ಸಿ. ಕೋರ್ಸುಗಳು 2010ರ ದಶಕದ ಆರಂಭದಲ್ಲಿ ಮುಚ್ಚಿಹೋದವು.

ಇಷ್ಟೆಲ್ಲ ಕಣ್ಣಾರೆ ಕಂಡವಳು ನಾನು. ಆದರೂ ತರಗತಿಯಲ್ಲಿ ನಿಂತು ನಾನು ಹೇಳುತ್ತಿದ್ದ ಮಾತು ಬೇರೆ.

ಮಾಲೂರಿಗೆ ರೈಲಿನಲ್ಲಿ ಬಂದವರು ಹೆಂಚಿನ ಫ್ಯಾಕ್ಟರಿಗಳ ಚಿಮಣಿಗಳನ್ನು ನೋಡಿರುತ್ತೀರಿ. ಒಂದು ಕಾಲದಲ್ಲಿ ಮಾಲೂರಿನ ಹೆಂಚೆಂದರೆ ಸುತ್ತಮುತ್ತಲ ಊರುಗಳ ಮನೆಗಳಿಗೆಲ್ಲ ಹೆಸರುವಾಸಿ. ಆರ್.ಸಿ.ಸಿ. ಬಂದ ಮೇಲೆ ಹೆಂಚು ಕೇಳುವವರು ಕಡಿಮೆಯಾದರು. ಎಷ್ಟೋ ಕಡೆ ಇಟ್ಟಿಗೆಯ ಕೆಲಸವೇ ಉಳಿಯಿತು. ಆ ಗೂಡುಗಳ ಮುಂದಿನ ಕೆಲಸ ಸಾಮಾನ್ಯದ್ದಲ್ಲ. ಮಣ್ಣು, ಧೂಳು, ಬೆಂಕಿ. ಅದನ್ನು ತೋರಿಸಿ ನಾನು ಇಪ್ಪತ್ತು ವರ್ಷ ಮಕ್ಕಳನ್ನು ಹೆದರಿಸಿದ್ದೇನೆ: "ಓದದಿದ್ದರೆ ಹೆಂಚಿನ ಫ್ಯಾಕ್ಟರಿಗೆ ಹೋಗಬೇಕಾಗುತ್ತೆ, ನೋಡ್ಕೊಳ್ಳಿ." ಇದನ್ನು ನಾನೊಬ್ಬಳೇ ಹೇಳಿದ್ದಲ್ಲ. ನಮ್ಮ ಕಡೆ ಎಲ್ಲ ಮೇಷ್ಟ್ರೂ ಹೇಳುತ್ತಾರೆ. ಮಂಡ್ಯದ ಕಡೆ ಬಹುಶಃ ಆಲೆಮನೆ ತೋರಿಸುತ್ತಾರೇನೋ.

ಎದ್ದು ಹೋದ ನಲವತ್ತೊಂದು ಮಕ್ಕಳಲ್ಲಿ ಹಿಂದಿಯಲ್ಲಿ ತರಗತಿಗೇ ಮೊದಲಾಗಿದ್ದ ಹುಡುಗಿಯೊಬ್ಬಳಿದ್ದಳು. ಉಳಿದ ಹುಡುಗಿಯರು ಹೆಚ್ಚಾಗಿ ಬ್ಯೂಟಿ ಅಂಡ್ ವೆಲ್‌ನೆಸ್ ಬರೆಸಿದರೆ ಇವಳು ಆಟೋಮೊಬೈಲ್ ಬರೆಸಿದ್ದಳು. ಅವಳ ಜೊತೆ ಇನ್ನೂ ಎಂಟು ಹುಡುಗಿಯರು. ನನಗೆ ಸಹಿಸಲಿಲ್ಲ. ಊಟದ ಬಿಡುವಿನಲ್ಲಿ ಕರೆದೆ.

"ಬೇರೆಯವರು ಹೋಗ್ಲಿ, ನೀನ್ಯಾಕಮ್ಮ ಹೋಗ್ತೀಯ? ನಿನಗೆ ಹಿಂದಿಯಲ್ಲಿ ತೊಂಬತ್ತರ ಮೇಲೆ ಬರುತ್ತೆ. ಗ್ರೀಸು ಮೆತ್ಕೊಳ್ಳೋ ಕೆಲಸ ನಿನಗ್ಯಾಕೆ?"

ಅವಳು ತಲೆ ತಗ್ಗಿಸಿ ಕಾಲ ಹೆಬ್ಬೆರಳಲ್ಲಿ ನೆಲ ಕೆರೆಯುತ್ತ ನಿಂತಳು. ಆಮೇಲೆ ಮೆಲ್ಲಗೆ, "ನೀವೇ ಹೇಳ್ತಿದ್ರಲ್ಲ ಮೇಡಂ, ಓದದಿದ್ರೆ ಹೆಂಚಿನ ಫ್ಯಾಕ್ಟರಿಗೆ ಹೋಗ್ಬೇಕಾಗುತ್ತೆ ಅಂತ," ಎಂದಳು.

"ಹೌದು. ಅದಕ್ಕೇ ಓದು ಅಂತಿರೋದು."

"ನಮ್ಮಪ್ಪ ಅಲ್ಲೇ ಇರೋದು ಮೇಡಂ. ನಮ್ಮಪ್ಪ ಓದ್ದೇ ಹೋಗ್ಲಿಲ್ಲ. ಏಳನೇ ಕ್ಲಾಸಲ್ಲಿ ಫಸ್ಟ್ ಬಂದಿದ್ರಂತೆ. ತಾತ ಸತ್ತೋದ್ರು, ಅದಕ್ಕೆ ಬಿಡಿಸಿದ್ರು." ಸ್ವಲ್ಪ ತಡೆದು, "ಅಲ್ಲಿ ಮೋಟರು ಕೆಟ್ರೆ ಈಗ್ಲೂ ನಮ್ಮಪ್ಪನ್ನೇ ಕರೀತಾರೆ," ಎಂದಳು.

ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಾನು ಗದರಿಸಿ ಕಳಿಸಬಹುದಾಗಿತ್ತು. ಎರಡು ವರ್ಷದಿಂದ ನನ್ನ ಎದುರು ಬೆಂಚಿನಲ್ಲಿ ಕೂತು ಈ ಹುಡುಗಿ ಆ ಮಾತನ್ನು ಎಷ್ಟು ಸಲ ಕೇಳಿಸಿಕೊಂಡಿದ್ದಾಳೋ! ಅವಳ ಅಪ್ಪನನ್ನು ಸೋತವರ ಉದಾಹರಣೆಗೆಂದು ನಾನು ಎಷ್ಟು ಸಲ ಎಲ್ಲರೆದುರು ನಿಲ್ಲಿಸಿದ್ದೇನೋ! ನನಗೆ ಅಂದು ಊಟ ಸೇರಲಿಲ್ಲ.

ಆಟೋಮೊಬೈಲ್ ಕಲಿಸಲು ಬಂದವನು ಡಿಪ್ಲೊಮಾ ಮಾಡಿದ ಚಿಕ್ಕ ಹುಡುಗ, ಮುಳಬಾಗಿಲಿನ ಕಡೆಯವನು. ಈ ತರಬೇತುದಾರರು ನಮ್ಮ ಹಾಗೆ ಕಾಯಂ ನೌಕರರಲ್ಲ. ಏಜೆನ್ಸಿಯೊಂದರ ಮೂಲಕ ಬಂದವರು. ಅವನಿಗೆ ಸ್ಟಾಫ್‌ರೂಮಿನಲ್ಲಿ ಕುರ್ಚಿ ಸಿಕ್ಕಿದ್ದು ಎಲ್ಲಿ ಎಂದು ನೀವೇ ಊಹಿಸಿ. ಬಾಗಿಲ ಹತ್ತಿರ. ನಲವತ್ತು ವರ್ಷ ಕಳೆದರೂ ಆ ಕುರ್ಚಿ ಒಂದಡಿ ಒಳಗೆ ಸರಿದಿರಲಿಲ್ಲ.

ಹುಡುಗ ಚೂಟಿ. ಹಳೆಯ ಗುಜರಿಯಿಂದ ಒಂದು ಸ್ಕೂಟರಿನ ಇಂಜಿನ್ ತಂದು ಬಿಚ್ಚಿ ಮೇಜಿನ ಮೇಲೆ ಹರಡಿದ. ನನ್ನ ಹನ್ನೊಂದು ಮಕ್ಕಳಿಗೆ ದೋಹೆ ಹೇಳಿಕೊಡುವಾಗ ಪಕ್ಕದ ಕೋಣೆಯಿಂದ ಟಣ್ ಟಣ್ ಸದ್ದು, ನಗು, "ಸಾರ್, ನಾನು ಸಾರ್" ಎಂಬ ಕೂಗು. ನನ್ನ ಪೀರಿಯಡ್ಡಿನಲ್ಲಿ ಇಪ್ಪತ್ತು ವರ್ಷದಲ್ಲಿ ಯಾರೂ ಹಾಗೆ "ನಾನು ನಾನು" ಎಂದವರಲ್ಲ.

ಒಂದು ಸಂಜೆ ನನ್ನ ಹಳೆಯ ಸ್ಕೂಟರು ಹಠ ಹಿಡಿಯಿತು. ಬಟನ್ ಒತ್ತಿದೆ, ಕಿಕ್ ಹೊಡೆದೆ, ಏನೂ ಇಲ್ಲ. ಮನೆಯವರಿಗೆ ಫೋನ್ ಮಾಡೋಣವೆಂದುಕೊಳ್ಳುವಷ್ಟರಲ್ಲಿ ಆ ಹುಡುಗಿ ಬಂದು, "ನೋಡ್ಲಾ ಮೇಡಂ?" ಎಂದಳು. ಓಡಿಹೋಗಿ ಸಾರನ್ನು ಕೇಳಿ ಉದ್ದನೆಯ ಸ್ಪ್ಯಾನರೊಂದನ್ನು ತಂದಳು. ಕ್ಯಾಪ್ ಎಳೆದು, ಸ್ಪಾರ್ಕ್ ಪ್ಲಗ್ ಬಿಚ್ಚಿ ನನ್ನ ಅಂಗೈ ಮೇಲೆ ಇಟ್ಟಳು. ತುದಿ ಮಸಿಯಂತೆ ಕಪ್ಪಾಗಿತ್ತು. "ಕಾರ್ಬನ್ ಕಟ್ಕೊಂಡಿದೆ ಮೇಡಂ, ಕಿಡಿ ಹಾರಲ್ಲ," ಎಂದು ಹೇಳಿ ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ, ಮೊದಲು ಬೆರಳಿನಲ್ಲೇ ತಿರುಗಿಸಿ ಕೂರಿಸಿದಳು. "ಮೊದ್ಲೇ ಸ್ಪ್ಯಾನರ್ ಹಾಕಿದ್ರೆ ಮರೆ ಹಾಳಾಗುತ್ತೆ," ಎಂದು ನನಗೆ ತಿಳಿಹೇಳಿದಳು. ನಾಲ್ಕನೆಯ ಕಿಕ್ಕಿಗೆ ಗಾಡಿ ಎದ್ದಿತು. ನಾನು, "ಶಾಬಾಶ್" ಎಂದೆ. "ಹಿಂದಿ ಮೇಡಂ ಅಲ್ವಾ," ಎಂದು ನಕ್ಕಳು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಮುಗಿಯಲಿಲ್ಲ.

ಈ ಮಕ್ಕಳು ಹತ್ತನೇ ಕ್ಲಾಸಿಗೆ ಬಂದರು. ದಸರಾ ರಜೆಯ ಹೊತ್ತಿಗೆ ತರಬೇತುದಾರ ಹುಡುಗನ ಮುಖ ಸಪ್ಪಗಾಯಿತು. ವಿಚಾರಿಸಿದರೆ ಐದು ತಿಂಗಳಿಂದ ಸಂಬಳವಿಲ್ಲ. ಅವನನ್ನು ಕಳಿಸಿದ ಏಜೆನ್ಸಿಯವರು ಇವತ್ತು ನಾಳೆ ಎನ್ನುತ್ತಿದ್ದರು. ನಾವೆಲ್ಲ ಸೇರಿ ಸ್ವಲ್ಪ ಹಣ ಕೊಡಲು ಹೋದರೆ ಅವನು ತೆಗೆದುಕೊಳ್ಳಲಿಲ್ಲ. "ಬಸ್ ಚಾರ್ಜಿಗೆ ಅಪ್ಪನ ಹತ್ರ ಕೇಳೋಕೆ ನಾಚಿಕೆಯಾಗುತ್ತೆ ಮೇಡಂ," ಎಂದ. ದೀಪಾವಳಿಗೆ ಊರಿಗೆ ಹೋದವನು ತಿರುಗಿ ಬರಲಿಲ್ಲ. ಬೆಂಗಳೂರಿನಲ್ಲಿ ಗಾಡಿ ಷೋರೂಮೊಂದರಲ್ಲಿ ಕೆಲಸ ಸಿಕ್ಕಿತೆಂದು ತಿಳಿಯಿತು. ಅವನನ್ನು ಬೈಯಲು ನನ್ನ ಬಾಯಿ ಬರಲಿಲ್ಲ.

ಮಕ್ಕಳ ಗತಿ? ಅವರು ಹಿಂದಿಯನ್ನು ಬಿಟ್ಟಾಗಿತ್ತು. ಆಟೋಮೊಬೈಲ್ ಅವರನ್ನು ಬಿಟ್ಟಿತ್ತು. ಪರೀಕ್ಷೆ ಮಾರ್ಚಿಗೆ. ಬೇರೆಯವರು ಬರುವವರೆಗೆ ತರಗತಿ ನೋಡಿಕೊಳ್ಳಲು ಯಾರಿಗೆ ಬಿಡುವಿದೆ ಎಂಬ ಪ್ರಶ್ನೆ ಬಂತು. ಹನ್ನೊಂದು ಮಕ್ಕಳ ಟೀಚರಿಗಲ್ಲದೆ ಇನ್ಯಾರಿಗೆ? ಗಣಿತದ ಮೇಷ್ಟ್ರ ನಾಲಗೆಯ ಮೇಲೆ ಮಚ್ಚೆ ಇದೆ ಎಂದು ಅಂದೇ ನನಗೆ ಖಾತ್ರಿಯಾಯಿತು.

ಹೀಗೆ ಬಿ.ಎ., ಬಿ.ಎಡ್. ಹಿಂದಿಯ ನಾನು ಆಟೋಮೊಬೈಲ್ ಟೀಚರಾದೆ. ಭೋಪಾಲದಲ್ಲಿ ವೃತ್ತಿ ಶಿಕ್ಷಣಕ್ಕೆಂದೇ 1993ರಲ್ಲಿ ಶುರುವಾದ ಕೇಂದ್ರ ಸಂಸ್ಥೆ ಇದೆ. ಪುಸ್ತಕಗಳನ್ನು ಸಿದ್ಧಪಡಿಸುವುದು ಅವರೇ. ಆ ಪುಸ್ತಕ ಮನೆಗೆ ತಂದು ರಾತ್ರಿ ಅಡುಗೆಮನೆ ಒರೆಸಿಯಾದ ಮೇಲೆ ಕೂತು ಓದಿದೆ. ಕ್ಲಚ್ಚು, ಗೇರು, ಬ್ರೇಕು. ಮನೆಯವರು, "ಈ ವಯಸ್ಸಲ್ಲಿ ಐ.ಟಿ.ಐ. ಸೇರ್ತೀಯಾ?" ಎಂದರು. ಮರುದಿನ ತರಗತಿಯಲ್ಲಿ ನಾನು ಓದುವುದು, ಗೊತ್ತಿರುವ ಮಕ್ಕಳು ಎದ್ದು ಆ ಬಿಚ್ಚಿದ ಇಂಜಿನ್ನಿನಲ್ಲಿ ಮುಟ್ಟಿ ತೋರಿಸುವುದು. ಪಿಸ್ಟನ್ನಿಗೂ ಸಿಲಿಂಡರಿಗೂ ಇರುವ ಸಂಬಂಧವನ್ನು ಆ ಹುಡುಗಿ, "ನಿಮ್ಮ ಇಂಜೆಕ್ಷನ್ ಸಿರಿಂಜ್ ಇದ್ದಂಗೆ ಮೇಡಂ," ಎಂದು ಒಂದೇ ಮಾತಿನಲ್ಲಿ ನನಗೆ ಅರ್ಥ ಮಾಡಿಸಿದಳು. ನನಗೆ ಹೇಳಿಕೊಡುವ ನೆಪದಲ್ಲಿ ಅವರು ತಾವೇ ಕಲಿತರು. ಬೀಗ ಹಾಕಿದ ಪೆಟ್ಟಿಗೆಯಲ್ಲಿದ್ದ ಉಪಕರಣಗಳನ್ನು ನಾನು ಹೆಡ್‌ಮಾಸ್ಟರ ಹತ್ತಿರ ಜಗಳವಾಡಿ ಹೊರಗೆ ತೆಗೆಸಿದೆ. ಕಳೆದುಹೋದರೆ ನನ್ನ ಸಂಬಳದಲ್ಲಿ ಹಿಡಿದುಕೊಳ್ಳಿ ಎಂದು ಬರೆದೂ ಕೊಟ್ಟೆ. ಹೊಸ ತರಬೇತುದಾರರು ಬಂದದ್ದು ಫೆಬ್ರವರಿಯಲ್ಲಿ. ಉಳಿದ ಒಂದು ತಿಂಗಳಲ್ಲಿ ಅವರು ಕೈಲಾದಷ್ಟು ಮಾಡಿದರು.

2024ರಲ್ಲಿ ಮಕ್ಕಳು ಪರೀಕ್ಷೆ ಬರೆದರು. ಆ ವಿಷಯದಲ್ಲಿ ಎಲ್ಲರೂ ಪಾಸಾದರು. ಸಂತೋಷಪಡುವ ಮುಂಚೆ ಇನ್ನೊಂದು ಪ್ರಶ್ನೆ: ಇನ್ನು ಮುಂದೆ ಎಲ್ಲಿಗೆ? ಹತ್ತಿರದ ಪಿ.ಯು. ಕಾಲೇಜಿನಲ್ಲಿ ಆ ವಿಷಯವಿಲ್ಲ. ಎರಡು ವರ್ಷ ಕಲಿತದ್ದನ್ನು ಅಲ್ಲಿಗೇ ಬಿಟ್ಟು ಮತ್ತೆ ಕಾಮರ್ಸಿಗೋ ಆರ್ಟ್ಸಿಗೋ ಹೋಗಬೇಕು, ಇಲ್ಲವೇ ಐ.ಟಿ.ಐ. ಸೇರಬೇಕು.

ಐ.ಟಿ.ಐ.ಗಳು ಈಗ ಹಳೆಯ ಹಾಗಿಲ್ಲ. ರಾಜ್ಯದ 150 ಸರಕಾರಿ ಐ.ಟಿ.ಐ.ಗಳನ್ನು ಸುಮಾರು 4,600 ಕೋಟಿ ರೂಪಾಯಿ ವೆಚ್ಚದಲ್ಲಿ ಟಾಟಾ ಟೆಕ್ನಾಲಜೀಸ್ ಸಂಸ್ಥೆಯ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಿದರು. 2022ರ ಜೂನಿನಲ್ಲಿ ಅವನ್ನು ಉದ್ಘಾಟಿಸಿದ್ದು ಪ್ರಧಾನ ಮಂತ್ರಿಗಳು. ಅಲ್ಲದೆ ಯಂತ್ರವಿದ್ಯೆ ನಮ್ಮ ಕಡೆಗೆ ಪರಕೀಯವೇನಲ್ಲ. ಹಿಂದಿನ ಕೋಲಾರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1943ರಲ್ಲಿ ಬೆಂಗಳೂರಿನ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಶುರುವಾಗಲು ಕಾರಣರಾದರು. ಕೈಕಸುಬಿಗೆ ಓದಿನಷ್ಟೇ ಮರ್ಯಾದೆ ಬರಬೇಕೆಂಬ ಹಂಬಲ ಅದರ ಹಿಂದಿತ್ತು. ಕೆಲಸವೂ ದೂರವಿಲ್ಲ. ನರಸಾಪುರದಲ್ಲಿ 2013ರಲ್ಲಿ ಹೋಂಡಾ ದ್ವಿಚಕ್ರ ವಾಹನದ ಕಾರ್ಖಾನೆ ಶುರುವಾಯಿತು. ಆಮೇಲೆ ಮೊಬೈಲ್ ಫೋನ್ ಜೋಡಿಸುವ ಕಾರ್ಖಾನೆ ಬಂತು. ಬೆಳಗಿನ ಜಾವ ಹಾಲು ತರಲು ಹೋದರೆ ಕಂಪನಿ ಬಸ್ಸಿಗೆ ಕಾಯುವ ಹೆಣ್ಣುಮಕ್ಕಳ ಸಾಲು ಕಾಣುತ್ತದೆ. ತಲೆಗೆ ಸ್ಕಾರ್ಫು, ಕೊರಳಿಗೆ ಕಾರ್ಡು, ಕೈಯಲ್ಲಿ ಊಟದ ಡಬ್ಬಿ. ಅವರಲ್ಲಿ ನನ್ನ ವಿದ್ಯಾರ್ಥಿನಿಯರೂ ಇದ್ದಾರೆ. "ನಮಸ್ತೆ ಮೇಡಂ" ಎನ್ನುತ್ತಾರೆ. ದುಡಿದು ಅಮ್ಮನಿಗೆ ಗ್ಯಾಸ್ ಸ್ಟವ್ ಕೊಡಿಸಿದವರು, ತಮ್ಮನ ಫೀಜು ಕಟ್ಟಿದವರು ಅವರಲ್ಲಿದ್ದಾರೆ. ಆದರೆ ಬೆಲ್ಟಿನ ಮುಂದೆ ನಿಂತು ಇಡೀ ದಿನ ಒಂದೇ ಸ್ಕ್ರೂ ಬಿಗಿಯುವುದು ಬೇರೆ, ಇಡೀ ಯಂತ್ರ ಗೊತ್ತಿರುವುದು ಬೇರೆ. ಆ ಎರಡನೆಯದಕ್ಕೆ ಇನ್ನೆರಡು ವರ್ಷ ಓದಬೇಕು.

ಹುಡುಗಿಯ ಅಮ್ಮ ಒಂದು ಭಾನುವಾರ ನಮ್ಮ ಮನೆಗೇ ಬಂದರು. ಕುರ್ಚಿ ಕೊಟ್ಟರೂ ಕೂರದೆ ಬಾಗಿಲಿಗೆ ಒರಗಿ ನಿಂತರು.

"ಮೇಡಮ್ಮಾ, ನೀವೇ ಹೇಳಿ ಬಿಡಿಸ್ಬೇಕು. ಐ.ಟಿ.ಐ.ಗೆ ಹೋಗ್ತೀನಿ ಅಂತಾಳೆ. ಮೋಟರ್ ಮೆಕಾನಿಕ್ಕಂತೆ. ಬರೀ ಗಂಡುಡುಗ್ರು. ಅವ್ರಪ್ಪ ಸರಿ ಅಂದ್ಬುಟ್ಟ. ನಾಳೆ ಯಾರು ಮದ್ವೆ ಆಗ್ತಾರೆ ಇವಳನ್ನ?"

ನನ್ನ ಅಕ್ಕನನ್ನು ನೋಡಲು ಬಂದು ಎದ್ದು ಹೋದವರ ಮುಖ ಕಣ್ಣ ಮುಂದೆ ಬಂತು. ಏನು ಹೇಳಲಿ? ಆ ತಾಯಿಯ ಭಯ ಸುಳ್ಳಲ್ಲ. ಮೂವತ್ತು ಹುಡುಗರ ನಡುವೆ ಮಗಳೊಬ್ಬಳೇ ಕೂರುತ್ತಾಳೆಂದರೆ ನಾನೂ ನಿದ್ದೆಗೆಡುತ್ತಿದ್ದೆ. "ಆಗ್ದೇ ಏನಮ್ಮ," ಎಂದು ಸುಮ್ಮನೆ ಹೇಳಿ ಕಳಿಸುವುದು ಸುಲಭ. ಆಗದಿದ್ದರೆ ನಾನು ಹೋಗಿ ನಿಲ್ಲುವುದಿಲ್ಲವಲ್ಲ. ಕಾಫಿ ಕೊಟ್ಟೆ. ಅಕ್ಕನ ಕಥೆ ಹೇಳಿದೆ, ಎದ್ದು ಹೋದ ಇಬ್ಬರನ್ನೂ ಬಿಡದೆ. ಕೊನೆಗೆ, "ನಾನೂ ನೀವೂ ಒಂದಿನ ಹೋಗಿ ಆ ಜಾಗ ನೋಡ್ಕೊಂಡು ಬರೋಣ. ಹುಡುಗೀರಿಗೆ ಶೌಚಾಲಯ ಇದೆಯಾ, ಸಂಜೆ ಎಷ್ಟು ಹೊತ್ತಿಗೆ ಬಿಡ್ತಾರೆ, ನೋಡಿ ಆಮೇಲೆ ಬೇಡ ಅನ್ನಿ," ಎಂದೆ. ಹೋದೆವು. 2023ರ ಜೂನಿನಿಂದ ಹೆಂಗಸರಿಗೆ ಬಸ್ಸು ಉಚಿತವಾಗಿದ್ದರಿಂದ ಚಾರ್ಜಿನ ಚಿಂತೆಯಿರಲಿಲ್ಲ. ಬೇರೆ ಟ್ರೇಡುಗಳಲ್ಲಿ ಒಂದಿಷ್ಟು ಹುಡುಗಿಯರಿದ್ದರು. ಆ ತಾಯಿ ಶೌಚಾಲಯದ ಚಿಲಕ ಹಾಕಿ ತೆಗೆದು ನೋಡಿದರು. ಬರುವಾಗ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. ಊರು ಬಂದು ಇಳಿಯುವಾಗ, "ಸೇರ್ಲಿ ಬುಡಿ," ಎಂದರು.

ಸೇರಿದಳು. ಆಟೋಮೊಬೈಲ್ ತೆಗೆದುಕೊಂಡ ಒಂಬತ್ತು ಹುಡುಗಿಯರಲ್ಲಿ ಅದನ್ನು ಮುಂದುವರಿಸಿದವಳು ಅವಳೊಬ್ಬಳೇ. ಐವರು ಪಿ.ಯು.ಗೆ ಹೋದರು. ಇಬ್ಬರು ಮನೆಯಲ್ಲಿ ಕೂತು ಹದಿನೆಂಟು ತುಂಬಿ ಕಂಪನಿ ಬಸ್ಸು ಹತ್ತುವ ದಿನ ಕಾಯತೊಡಗಿದರು. ಒಬ್ಬಳು ಎಲ್ಲಿ ಹೋದಳೋ ಗೊತ್ತಾಗಲಿಲ್ಲ; ಮನೆಯವರು ಊರು ಬಿಟ್ಟಿದ್ದರು. ಒಂಬತ್ತರಲ್ಲಿ ಒಂದು. ಇದು ಗೆಲುವೋ ಸೋಲೋ ಲೆಕ್ಕ ಹಾಕಲು ನನಗೆ ಬರುವುದಿಲ್ಲ. ಗಣಿತದ ಮೇಷ್ಟ್ರನ್ನು ಕೇಳಿದರೆ ಅವರೂ ಸುಮ್ಮನಾದರು. ಆ ಮಧ್ಯದ ನಾಲ್ಕು ತಿಂಗಳು ಸರಿಯಾದ ಗುರು ಇದ್ದಿದ್ದರೆ, ಪಕ್ಕದ ಕಾಲೇಜಿನಲ್ಲಿ ಆ ವಿಷಯವಿದ್ದಿದ್ದರೆ, ಒಂದು ಎರಡಾಗುತ್ತಿತ್ತೇನೋ, ಮೂರಾಗುತ್ತಿತ್ತೇನೋ. ಗುರಿಯ ಇಸವಿಗಳನ್ನು ಬರೆಯುವವರು ಬಾಗಿಲ ಹತ್ತಿರದ ಆ ಕುರ್ಚಿಯಲ್ಲಿ ಒಂದು ದಿನ ಕೂತು ಬರೆದರೆ ಒಳ್ಳೆಯದೆಂದು ಮಾತ್ರ ಅನ್ನಿಸುತ್ತದೆ. ನಮ್ಮ ಶಾಲೆಯಲ್ಲಿ ಅದನ್ನು ನಾನೀಗ ನನ್ನ ಪಕ್ಕಕ್ಕೆ ಎಳೆದುಕೊಂಡಿದ್ದೇನೆ. ಅಷ್ಟು ನನ್ನ ಕೈಯಲ್ಲಿತ್ತು.

ಹಿಂದಿಗೆ ಈಗಲೂ ಕೆಲವೇ ಮಕ್ಕಳು. ಬೇಸರವಿಲ್ಲವೆಂದರೆ ಸುಳ್ಳಾದೀತು. ಆದರೆ ಒಂದು ತೊಂದರೆಯಾಗಿದೆ. ಇಪ್ಪತ್ತು ವರ್ಷದ ರೂಢಿ ನೋಡಿ, ಗಲಾಟೆ ಹೆಚ್ಚಾದರೆ ನಾಲಗೆ ತಾನಾಗಿಯೇ ಶುರು ಮಾಡಿಬಿಡುತ್ತದೆ: "ಓದದಿದ್ದರೆ..." ಅಲ್ಲಿಗೆ ಥಟ್ಟನೆ ನಿಲ್ಲಿಸುತ್ತೇನೆ. ಕಿಟಕಿಯಾಚೆ ಚಿಮಣಿಯಿಂದ ಹೊಗೆ ಏಳುತ್ತಿರುತ್ತದೆ. ಅದರ ಕೆಳಗೆ ಯಾರದೋ ಅಪ್ಪ ಕೆಟ್ಟ ಮೋಟರನ್ನು ಬಿಚ್ಚಿ ಕೂತಿರುತ್ತಾನೆ. ಮಕ್ಕಳು ವಾಕ್ಯ ಪೂರ್ತಿಯಾಗಲೆಂದು ನನ್ನ ಮುಖವನ್ನೇ ನೋಡುತ್ತವೆ. ಅದನ್ನು ಪೂರ್ತಿ ಮಾಡುವ ಬೇರೆ ಮಾತು ನನಗಿನ್ನೂ ಸಿಕ್ಕಿಲ್ಲ. "ಪುಸ್ತಕ ತೆಗೀರಿ," ಎಂದು ಪಾಠ ಮುಂದುವರಿಸುತ್ತೇನೆ.